ಕೈಯಲ್ಲಿರುವುದು ಮೂರು ಸಾವಿರ: ಸಣ್ಣ ಅಂಗಡಿಗೆ ಪಾಂಪ್ಲೆಟ್ಟೋ, ಮೈಕ್ ಆಟೋನೋ, ವಾಟ್ಸಾಪೋ, ಗೂಗಲ್ಲೋ?

ಶಿವಮೊಗ್ಗ ಜಿಲ್ಲೆಯ ಸಾಗರದಲ್ಲಿ ನನ್ನದೊಂದು ಸಣ್ಣ ಪ್ರಿಂಟಿಂಗ್ ಪ್ರೆಸ್. ಲಗ್ನಪತ್ರಿಕೆ, ಬಿಲ್ ಬುಕ್, ಪಾಂಪ್ಲೆಟ್ಟುಗಳಿಂದ ಮನೆ ನಡೆಯುತ್ತದೆ. ಈಚೆಗೆ ಕೌಂಟರಿಗೆ ಬಂದವರು ದರ ಕೇಳುವ ಮೊದಲೇ ಇನ್ನೊಂದು ಪ್ರಶ್ನೆ ಕೇಳುತ್ತಾರೆ. “ಅಣ್ಣ, ಪಾಂಪ್ಲೆಟ್ ಹೊಡೆಸ್ಲಾ, ಆಟೋಗೆ ಮೈಕ್ ಕಟ್ಟಿಸ್ಲಾ, ಇಲ್ಲ ಇನ್‌ಸ್ಟಾಗ್ರಾಮಿಗೆ ದುಡ್ಡು ಹಾಕ್ಲಾ? ಕೈಯಲ್ಲಿರೋದು ಮೂರು ಸಾವಿರ.”

ಕಳೆದ ತಿಂಗಳು ಒಂದೇ ವಾರದಲ್ಲಿ ಇದೇ ಪ್ರಶ್ನೆ ನಾಲ್ಕು ಸಲ ಬಂತು. ಮನೆಯಲ್ಲೇ ಅಪ್ಪೆಮಿಡಿ (ಪರಿಮಳದ ಎಳೆ ಮಾವಿನಕಾಯಿ) ಉಪ್ಪಿನಕಾಯಿ ಹಾಕಿ ಮಾರುವ ಅಕ್ಕ, ಮಿಕ್ಸಿ ಮತ್ತು ಪಂಪ್‌ಸೆಟ್ ರಿಪೇರಿಯ ಹುಡುಗ, ಬ್ಲೌಸ್ ಹೊಲಿಯುವ ಟೈಲರ್, ಬಸ್ ಸ್ಟ್ಯಾಂಡ್ ಹತ್ತಿರ ಬೇಕರಿ ತೆರೆಯಲು ಹೊರಟಿದ್ದ ಗಂಡ ಹೆಂಡತಿ. ನಾಲ್ಕೂ ಕಡೆ ನನ್ನ ಉತ್ತರ ಬೇರೆ ಬೇರೆ ಇತ್ತು. ಇಬ್ಬರಿಗೆ ಪಾಂಪ್ಲೆಟ್ ಬೇಡವೆಂದೇ ಹೇಳಿದೆ. ಸಾಲ ಮಾಡಿ ಅಂಗಡಿ ಇಟ್ಟವರ ಮೂರು ಸಾವಿರ ಗಾಳಿಗೆ ಹೋಗುವುದನ್ನು ಹತ್ತಿರದಿಂದ ನೋಡಿದ್ದೇನೆ. ಅದನ್ನು ಕಂಡೂ ಆರ್ಡರ್ ಬರೆದುಕೊಳ್ಳಲು ನನಗೆ ಮನಸ್ಸಾಗುವುದಿಲ್ಲ. ಅವರಿಗೆ ಬಾಯಲ್ಲಿ ಹೇಳಿದ್ದನ್ನೇ ಇಲ್ಲಿ ಸ್ವಲ್ಪ ವಿವರವಾಗಿ ಬರೆಯುತ್ತಿದ್ದೇನೆ. ದರಗಳು ನಮ್ಮ ಕಡೆಯ ಅಂದಾಜು. ನಿಮ್ಮೂರಿನಲ್ಲಿ ಒಮ್ಮೆ ವಿಚಾರಿಸಿಕೊಳ್ಳಿ.

ಮೊದಲು ಈ ನಾಲ್ಕು ವಿಷಯ

ಪ್ರಚಾರ ಯಾವುದೆಂದು ಆರಿಸುವ ಮೊದಲು ನಿಮ್ಮ ಗಿರಾಕಿ ಎಷ್ಟು ದೂರದಿಂದ ಬರುತ್ತಾನೆ ಎಂದು ನೋಡಿ. ಬೇಕರಿಗೆ ಬರುವವರು ಒಂದೆರಡು ಕಿಲೋಮೀಟರ್ ಒಳಗಿನವರು. ಪಂಪ್‌ಸೆಟ್ ರಿಪೇರಿಗೆ ಇಡೀ ತಾಲ್ಲೂಕು ಬರುತ್ತದೆ. ಅಪ್ಪೆಮಿಡಿಗೆ ಗಿರಾಕಿ ಊರಿನಲ್ಲಿರುವುದೇ ಕಡಿಮೆ. ಇಲ್ಲಿ ಎಲ್ಲರ ಮನೆಯಲ್ಲೂ ಭರಣಿ ಇದೆ. ಆ ಉಪ್ಪಿನಕಾಯಿಗೆ ಬಾಯಲ್ಲಿ ನೀರೂರುವುದು ಬೆಂಗಳೂರಿಗೆ ಹೋಗಿ ನೆಲೆಸಿದ ಮಲೆನಾಡಿನವರಿಗೆ. ಗಿರಾಕಿ ಇಲ್ಲದ ಕಡೆ ಎಷ್ಟು ಕೂಗಿದರೂ ಪ್ರಯೋಜನವಿಲ್ಲ.

ಎರಡನೆಯದು, ಅವನು ನಿಮ್ಮನ್ನು ಹುಡುಕಿಕೊಂಡು ಬರುತ್ತಾನೋ, ನೀವೇ ಅವನಿಗೆ ನೆನಪು ಮಾಡಬೇಕೋ? ಮಿಕ್ಸಿ ಕೆಟ್ಟವನು ಆ ಹೊತ್ತಿಗೆ ರಿಪೇರಿಯವನನ್ನು ಹುಡುಕುತ್ತಾನೆ. ಮಿಕ್ಸಿ ಸರಿಯಿರುವ ದಿನ ಅವನ ಕೈಗೆ ನೂರು ಪಾಂಪ್ಲೆಟ್ ಕೊಟ್ಟರೂ ಅದರಲ್ಲಿ ಮಕ್ಕಳು ದೋಣಿ ಮಾಡುತ್ತಾರೆ. ಬೇಕರಿಯ ಕಥೆ ಇದಕ್ಕೆ ತಿರುಗುಮುರುಗು. ಯಾರೂ ಬೆಣ್ಣೆ ಬಿಸ್ಕತ್ತಿಗಾಗಿ ಹುಡುಕಾಡುವುದಿಲ್ಲ, ಆದರೆ ಕಣ್ಣಿಗೆ ಬಿದ್ದರೆ ಮೂಗಿಗೆ ವಾಸನೆ ಹತ್ತಿದರೆ ಕಾಲು ನಿಲ್ಲುತ್ತದೆ. ಹುಡುಕುವವರಿಗೆ ಸಿಗುವಂತೆ ಇರುವುದು ಒಂದು ಕೆಲಸ, ಹುಡುಕದವರಿಗೆ ಕಾಣುವಂತೆ ಇರುವುದು ಇನ್ನೊಂದು ಕೆಲಸ. ದುಡ್ಡು ಹೆಚ್ಚಾಗಿ ಪೋಲಾಗುವುದು ಈ ಎರಡನ್ನು ಕಲಸಿಕೊಂಡಾಗ.

ಮೂರನೆಯದು ಉಳಿತಾಯದ ಲೆಕ್ಕ. ಪ್ರಚಾರದ ಖರ್ಚನ್ನು ಒಂದು ಮಾರಾಟದಲ್ಲಿ ಕೈಗೆ ಉಳಿಯುವ ದುಡ್ಡಿನಿಂದ ಭಾಗಿಸಿ. ಒಂದು ಬ್ಲೌಸಿನಲ್ಲಿ ಟೈಲರಿಗೆ 200 ರೂ. ಉಳಿದರೆ, 1,500 ರೂ. ಖರ್ಚು ಎಂಟು ಬ್ಲೌಸಿಗೆ ವಾಪಸು ಬಂತು. ಉಪ್ಪಿನಕಾಯಿ ಬಾಟಲಿಗೆ 80 ರೂ. ಉಳಿದರೆ ಹತ್ತೊಂಬತ್ತು ಬಾಟಲಿ ಹೆಚ್ಚಿಗೆ ಹೋಗಬೇಕು. ಬೇಕರಿಯಲ್ಲಿ ಒಂದು ಪಫ್ಸಿಗೆ 5 ರೂ. ಉಳಿಯುವುದಾದರೆ ಮುನ್ನೂರು ಪಫ್ಸ್. ಕೇಳಿದರೆ ಎದೆ ಧಸಕ್ಕೆನ್ನುತ್ತದೆ, ಆದರೆ ಬೇಕರಿಗೆ ಬಂದವನು ವಾರಕ್ಕೆರಡು ಸಲ ಮತ್ತೆ ಬರುತ್ತಾನೆ. ಮಿಕ್ಸಿ ರಿಪೇರಿಗೆ ಬಂದವನು ಮತ್ತೆ ಬರುವುದು ವರ್ಷದ ಮೇಲೆ. ಹಾಗಾಗಿ ಒಂದು ಸಲದ ಉಳಿತಾಯವನ್ನಷ್ಟೇ ನೋಡಬೇಡಿ, ಅವನು ವರ್ಷಕ್ಕೆ ಎಷ್ಟು ಸಲ ಬರುತ್ತಾನೆ ಎಂಬುದನ್ನೂ ಸೇರಿಸಿ.

ನಾಲ್ಕನೆಯದು ನಿಮ್ಮ ಪುರಸೊತ್ತು. ವಾಟ್ಸಾಪ್ ಪುಕ್ಕಟೆ ಎನ್ನುತ್ತಾರೆ. ದುಡ್ಡು ಕೊಡಬೇಕಿಲ್ಲ ಎನ್ನುವುದು ನಿಜ, ಆದರೆ ದಿನಕ್ಕೆ ಅರ್ಧ ಗಂಟೆ ಕೊಡಬೇಕು. ಒಬ್ಬರೇ ಹೊಲಿದು, ಒಬ್ಬರೇ ಅಳತೆ ತೆಗೆದು, ಒಬ್ಬರೇ ಬಿಲ್ ಬರೆಯುವವರಿಗೆ ಆ ಅರ್ಧ ಗಂಟೆ ಒಂದು ಬ್ಲೌಸಿನ ಕಾಲುಭಾಗ.

ಎಲ್ಲಕ್ಕೂ ಮೊದಲು ಬೋರ್ಡು

ಬೋರ್ಡನ್ನು ಯಾರೂ ಪ್ರಚಾರದ ಲೆಕ್ಕಕ್ಕೆ ಹಿಡಿಯುವುದಿಲ್ಲ. ನನ್ನ ಪ್ರಕಾರ ಮೊದಲ ಸಾವಿರ ರೂಪಾಯಿ ಅಲ್ಲಿಗೇ ಹೋಗಬೇಕು. ನಮ್ಮಲ್ಲಿ ದೇವರ ಹೆಸರು ದೊಡ್ಡದಾಗಿ, ಅದರ ಮುಂದೆ ‘ಎಂಟರ್‌ಪ್ರೈಸಸ್’ ಎಂದು ಬರೆಸುವುದು ವಾಡಿಕೆ. ಒಳಗೆ ಮಾರುವುದು ಪಂಪೋ ಪರ್ಸೋ ಎಂದು ರಸ್ತೆಯಿಂದ ಗೊತ್ತಾಗುವುದಿಲ್ಲ. ಹೆಸರು ಇರಲಿ, ಅದಕ್ಕಿಂತ ದೊಡ್ಡ ಅಕ್ಷರದಲ್ಲಿ ‘ಮಿಕ್ಸಿ, ಗ್ರೈಂಡರ್, ಪಂಪ್‌ಸೆಟ್ ರಿಪೇರಿ’ ಎಂದಿರಲಿ. ಎದುರು ಫುಟ್‌ಪಾತಿನಿಂದ ಅಜ್ಜಿಯೊಬ್ಬರು ಓದುವಂತಿರಬೇಕು. ಕನ್ನಡ ಭಾಷಾ ಸಮಗ್ರ ಅಭಿವೃದ್ಧಿ ಕಾಯ್ದೆಗೆ 2024ರಲ್ಲಿ ಬಂದ ತಿದ್ದುಪಡಿಯಂತೆ ನಾಮಫಲಕದಲ್ಲಿ ಶೇ. 60ರಷ್ಟು ಕನ್ನಡ ಇರಬೇಕು, ಅದೂ ಮೇಲ್ಭಾಗದಲ್ಲಿ. ಹೊಸ ಬೋರ್ಡು ಬರೆಸುವವರು ಈ ಅಳತೆಯನ್ನು ಮೊದಲೇ ಆರ್ಟಿಸ್ಟಿಗೆ ಹೇಳಿಬಿಡಿ. ಆಮೇಲೆ ತಿದ್ದಿಸಿದರೆ ಎರಡು ಖರ್ಚು.

ಹುಡುಕುವವರಿಗೆ: ಗೂಗಲ್ ಪ್ರೊಫೈಲ್

ಗೂಗಲ್ ಮ್ಯಾಪಿನಲ್ಲಿ ಅಂಗಡಿಯ ಹೆಸರು, ಸಮಯ, ಫೋನ್ ನಂಬರ್ ಬರುವುದು ಗೂಗಲ್ ಬಿಸಿನೆಸ್ ಪ್ರೊಫೈಲ್ ಎನ್ನುವ ಸೌಲಭ್ಯದಿಂದ. 2021ರವರೆಗೆ ಇದಕ್ಕೆ ಗೂಗಲ್ ಮೈ ಬಿಸಿನೆಸ್ ಎಂಬ ಹೆಸರಿತ್ತು. ಇದು ಪೂರ್ತಿ ಉಚಿತ. ರಿಪೇರಿಯ ಹುಡುಗನಿಗೆ ನಾನು ಹೇಳಿದ್ದು ಇದನ್ನೇ: ಪಾಂಪ್ಲೆಟ್ ಬಿಡು, ಮೊದಲು ಇದನ್ನು ಸರಿಯಾಗಿ ತುಂಬು. ಮಿಕ್ಸಿ ಸುಟ್ಟ ದಿನ ಮನೆಯವರು ಫೋನಿನಲ್ಲಿ ಹುಡುಕುವಾಗ ಅವನ ಅಂಗಡಿ ಕಾಣದಿದ್ದರೆ ಉಳಿದ ಪ್ರಚಾರವೆಲ್ಲ ವ್ಯರ್ಥ.

ಸರಿಯಾಗಿ ತುಂಬುವುದು ಎಂದರೆ ಹೀಗೆ. ಅಂಗಡಿ ಯಾವ ವರ್ಗದ್ದೆಂದು ಕೇಳಿದಾಗ ‘ಅಂಗಡಿ’ ಎಂದು ಬಿಟ್ಟುಬಿಡದೆ ರಿಪೇರಿಯದೇ ವರ್ಗ ಆರಿಸಬೇಕು. ಮ್ಯಾಪಿನಲ್ಲಿ ಜಾಗ ತೋರಿಸುವ ಪಿನ್ ಸರಿಯಾದ ಬಾಗಿಲಿನ ಮುಂದೆ ಕೂರಬೇಕು. ನಮ್ಮೂರಿನಲ್ಲೇ ಹಿಂದಿನ ಬೀದಿಗೆ ಪಿನ್ ಬಿದ್ದು, ಜನ ಪಕ್ಕದ ಮನೆಯ ಬಾಗಿಲು ತಟ್ಟಿದ್ದಿದೆ. ಊಟಕ್ಕೆ ಮುಚ್ಚುವ ಸಮಯ, ವಾರದ ರಜೆ, ಹಬ್ಬದ ರಜೆ ನಿಜವಿರಬೇಕು. ತೆರೆದಿದೆ ಎಂದು ನಂಬಿ ಹಳ್ಳಿಯಿಂದ ಬಸ್ಸು ಹತ್ತಿ ಬಂದವನಿಗೆ ಬೀಗ ಕಂಡರೆ ಅವನು ಮತ್ತೆ ಬರುವುದಿಲ್ಲ. ಅಂಗಡಿಯ ಹೊರಗಿನದೂ ಒಳಗಿನದೂ ಸೇರಿ ಹತ್ತು ಫೋಟೊ ಹಾಕಿ. ಮನೆಯಿಂದಲೇ ವ್ಯಾಪಾರ ಮಾಡುವ ಹೆಂಗಸರು ವಿಳಾಸ ಎಲ್ಲರಿಗೂ ಕಾಣುತ್ತದೆ ಎಂದು ಹೆದರಬೇಕಿಲ್ಲ. ವಿಳಾಸ ಮರೆಮಾಡಿ, ಸೇವೆ ಕೊಡುವ ಪ್ರದೇಶವನ್ನಷ್ಟೇ ತೋರಿಸುವ ಅವಕಾಶವಿದೆ.

ಕೆಲಸ ಮುಗಿದು ಗಿರಾಕಿ ಖುಷಿಯಲ್ಲಿರುವ ಹೊತ್ತಿನಲ್ಲಿ “ಎರಡು ಸಾಲು ಬರೆದು ಹೋಗಿ” ಎಂದು ಕೇಳಿ. ಅದಕ್ಕೊಂದು ಕ್ಯೂಆರ್ ಕೋಡ್ ಪ್ರೊಫೈಲಿನಲ್ಲೇ ಸಿಗುತ್ತದೆ, ಅಂಗೈ ಅಗಲದ ಕಾರ್ಡಿನಲ್ಲಿ ಪ್ರಿಂಟ್ ಮಾಡಿಸಿ ಕೌಂಟರಿನ ಮೇಲಿಡಿ. ರಿವ್ಯೂಗೆ ಬದಲಾಗಿ ರಿಯಾಯಿತಿ ಕೊಡುವುದು ಗೂಗಲ್ ನಿಯಮಕ್ಕೆ ವಿರುದ್ಧ, ನೆಂಟರಿಂದ ಸುಳ್ಳು ರಿವ್ಯೂ ಬರೆಸುವುದೂ ಹಾಗೇ. ಒಬ್ಬರು ಬೈದು ಬರೆದರೆ ಜಗಳಕ್ಕೆ ನಿಲ್ಲದೆ ಏನಾಯಿತು, ಹೇಗೆ ಸರಿಪಡಿಸಿದಿರಿ ಎಂದು ಉತ್ತರ ಬರೆಯಿರಿ. ಓದುವವರು ಬೈಗುಳಕ್ಕಿಂತ ನಿಮ್ಮ ಉತ್ತರವನ್ನೇ ಹೆಚ್ಚು ನೋಡುತ್ತಾರೆ.

ಒಂದು ಎಚ್ಚರಿಕೆ ಹೇಳಲೇಬೇಕು. ಪ್ರೊಫೈಲ್ ಮಾಡಿದ ಕೆಲವೇ ದಿನಕ್ಕೆ ಫೋನು ಬರುತ್ತದೆ: “ಗೂಗಲ್ಲಿಂದ ಮಾತಾಡ್ತಿದೀವಿ, ಇಷ್ಟು ಕಟ್ಟದಿದ್ರೆ ನಿಮ್ಮ ಅಂಗಡಿ ತೆಗೆದುಬಿಡ್ತೀವಿ.” ನನ್ನ ಪ್ರೆಸ್ಸಿಗೂ ಬಂದಿತ್ತು. ಪ್ರೊಫೈಲ್ ಇಟ್ಟುಕೊಳ್ಳುವುದಕ್ಕೆ ಗೂಗಲ್ ದುಡ್ಡು ಕೇಳುವುದಿಲ್ಲ. ಓಟಿಪಿ ಕೇಳಿದರಂತೂ ಫೋನ್ ಇಟ್ಟುಬಿಡಿ.

ಮತ್ತೆ ಬರುವವರಿಗೆ: ವಾಟ್ಸಾಪ್

ಹೊಸಬರನ್ನು ತರುವುದು ವಾಟ್ಸಾಪಿನ ಕೆಲಸವಲ್ಲ. ಬಂದವರು ಮರೆಯದಂತೆ ನೋಡಿಕೊಳ್ಳುವುದು ಅದರ ಕೆಲಸ. ಇದನ್ನು ತಿಳಿದುಕೊಂಡರೆ ಅರ್ಧ ನಿರಾಸೆ ತಪ್ಪುತ್ತದೆ. ವಾಟ್ಸಾಪ್ ಬಿಸಿನೆಸ್ ಎಂಬ ಬೇರೆಯದೇ ಆ್ಯಪ್ ಇದೆ, 2018ರಿಂದ ನಮ್ಮಲ್ಲಿ ಸಿಗುತ್ತಿದೆ, ಸಣ್ಣ ವ್ಯಾಪಾರಕ್ಕೆ ಉಚಿತ. ಅದರಲ್ಲಿ ಕ್ಯಾಟಲಾಗ್ ಮಾಡಿ ಬೆಲೆ ಸಮೇತ ಫೋಟೊ ಹಾಕಬಹುದು, ಗಿರಾಕಿಗಳಿಗೆ ಲೇಬಲ್ ಅಂಟಿಸಿ ವಿಂಗಡಿಸಬಹುದು, ರಾತ್ರಿ ಬಂದ ಮೆಸೇಜಿಗೆ ತಾನಾಗಿ ಉತ್ತರ ಹೋಗುವಂತೆ ಇಡಬಹುದು.

ಬ್ರಾಡ್‌ಕಾಸ್ಟ್ ಪಟ್ಟಿಯೊಂದಕ್ಕೆ (ಒಂದೇ ಸಂದೇಶ ಹಲವರಿಗೆ ಒಟ್ಟಿಗೆ ಕಳಿಸುವ ಪಟ್ಟಿ) 256 ಜನರ ಮಿತಿಯಿದೆ, ಮತ್ತು ನಿಮ್ಮ ನಂಬರನ್ನು ತಮ್ಮ ಫೋನಿನಲ್ಲಿ ಸೇವ್ ಮಾಡಿಕೊಂಡವರಿಗಷ್ಟೇ ಆ ಸಂದೇಶ ಮುಟ್ಟುತ್ತದೆ. ಅದಕ್ಕೇ ಬಿಲ್ ಕೊಡುವಾಗ “ನಮ್ಮ ನಂಬರ್ ಸೇವ್ ಮಾಡ್ಕೊಳ್ಳಿ, ಬ್ಲೌಸ್ ರೆಡಿಯಾದಾಗ ಮೆಸೇಜ್ ಹಾಕ್ತೀನಿ” ಎಂದು ಹೇಳಬೇಕು. ಕಾರಣ ಹೇಳಿದರೆ ಯಾರೂ ಬೇಡ ಎನ್ನುವುದಿಲ್ಲ. ಎಲ್ಲಿಂದಲೋ ನಂಬರುಗಳ ಪಟ್ಟಿ ಕೊಂಡು ಮೆಸೇಜ್ ಸುರಿಯಬೇಡಿ. ಜನ ಬ್ಲಾಕ್ ಮಾಡಿ ದೂರು ಕೊಟ್ಟರೆ ನಂಬರೇ ಬಂದ್ ಆಗುತ್ತದೆ, ಅದರ ಜೊತೆ ನಿಮ್ಮ ಹಳೆಯ ಗಿರಾಕಿಗಳ ಸಂಪರ್ಕವೂ ಹೋಗುತ್ತದೆ. ಬಲ್ಕ್ ಎಸ್‌ಎಂಎಸ್ ಯೋಚಿಸುತ್ತಿದ್ದರೆ, ದೂರಸಂಪರ್ಕ ನಿಯಂತ್ರಕ ಸಂಸ್ಥೆಯಾದ ಟ್ರಾಯ್‌ನ 2018ರ ನಿಯಮದಂತೆ ನೋಂದಣಿ ಮಾಡಿಸಿಕೊಳ್ಳದೆ ವ್ಯಾಪಾರದ ಸಂದೇಶ ಕಳಿಸುವಂತಿಲ್ಲ. ಸಣ್ಣ ಅಂಗಡಿಗೆ ಆ ರಗಳೆ ಬೇಡ.

ಟೈಲರಿಗೆ ನಾನು ಒತ್ತಾಯ ಮಾಡಿದ್ದು ಸ್ಟೇಟಸ್ ವಿಷಯದಲ್ಲಿ. 24 ಗಂಟೆ ಮಾತ್ರ ಇರುತ್ತದೆ, ಯಾರ ತಲೆಯನ್ನೂ ತಿನ್ನುವುದಿಲ್ಲ. ಕೆಲಸ ಕಡಿಮೆಯಿರುವ ಕಾಲದಲ್ಲಿ ದಿನಕ್ಕೊಂದು ಬ್ಲೌಸ್ ಸಾಕು: ಹಿಂಬದಿಯ ಡಿಸೈನ್, ತೋಳಿನ ಕಸೂತಿ, ಕಿಟಕಿಯ ಬೆಳಕಿನಲ್ಲಿ ತೆಗೆದ ಫೋಟೊ. ಬೇರೆಯವರ ಡಿಸೈನ್ ಇಂಟರ್‌ನೆಟ್ಟಿನಿಂದ ಎತ್ತಿ ಹಾಕಬೇಡಿ. “ಇದೇ ಥರ ಬೇಕು” ಎಂದು ಬಂದಾಗ ಹೊಲಿದುಕೊಡಲು ಆಗದಿದ್ದರೆ ಹೆಸರು ಕೆಡುತ್ತದೆ. ಗಿರಾಕಿ ಮೈಮೇಲೆ ಹಾಕಿಕೊಂಡ ಫೋಟೊ ಹಾಕುವ ಮೊದಲು ಅವರನ್ನು ಕೇಳಿ.

ಪಾಂಪ್ಲೆಟ್: ನನ್ನದೇ ಕಸುಬು, ಅದಕ್ಕೇ ಜಾಸ್ತಿ ಹೇಳುತ್ತೇನೆ

ಒಂದೇ ಬಣ್ಣದಲ್ಲಿ, ಡೆಮಿ 1/8 ಅಳತೆಯ (ಸುಮಾರು ಅರ್ಧ ಎ4 ಹಾಳೆಯಷ್ಟು) ಪಾಂಪ್ಲೆಟ್ ಸಾವಿರಕ್ಕೆ ನಮ್ಮ ಕಡೆ 800 ರೂ. ಆಸುಪಾಸು. ಪೇಪರ್ ಏಜೆಂಟರು ಮನೆಮನೆಗೆ ಹಾಕಿಸಲು ಒಂದಕ್ಕೆ 50 ಪೈಸೆಯಿಂದ 1 ರೂ. ಕೇಳುತ್ತಾರೆ. ಅಲ್ಲಿಗೆ ಸಾವಿರ ಮನೆ ಮುಟ್ಟಲು ಒಂದೂವರೆ ಸಾವಿರ ಹಿಡಿಯಿರಿ. ಬಹುವರ್ಣದ್ದಾದರೆ ಸಣ್ಣ ಪ್ರೆಸ್ಸಿನವರು ಹಲವರ ಕೆಲಸ ಸೇರಿಸಿ ದೊಡ್ಡ ಊರಿನ ಮಿಷಿನ್ನಿಗೆ ಕಳಿಸುತ್ತಾರೆ. ಸಂಖ್ಯೆ ಜಾಸ್ತಿಯಾದಷ್ಟೂ ಬಿಡಿ ದರ ಇಳಿಯುತ್ತದೆ, ಆದರೆ ಇಳಿಯಿತೆಂದು ಐದು ಸಾವಿರ ಹೊಡೆಸಿದವರ ಅಂಗಡಿಯ ಅಟ್ಟದಲ್ಲಿ ಇವತ್ತಿಗೂ ಮೂರು ಸಾವಿರ ಧೂಳು ತಿನ್ನುತ್ತಿವೆ.

ಪಾಂಪ್ಲೆಟ್ ಒಪ್ಪುವುದು ಗಿರಾಕಿ ಹತ್ತಿರವೇ ಇರುವ, ಹೊಸದಾಗಿ ತೆರೆಯುವ, ಹೇಳಲು ಒಂದು ದಿನಾಂಕವಿರುವ ವ್ಯಾಪಾರಕ್ಕೆ: ಬೇಕರಿ, ಟ್ಯೂಷನ್, ಹೊಸ ಕ್ಲಿನಿಕ್, ಹಬ್ಬದ ಸೀರೆ ಮಾರಾಟ. ಮನೆಗೆ ಪೇಪರ್ ತರಿಸುವವರು ಮೊದಲಿಗಿಂತ ಕಡಿಮೆಯಾಗಿದ್ದಾರೆ ಎನ್ನುವುದನ್ನು ಕಣ್ಣಾರೆ ನೋಡುತ್ತಿದ್ದೇನೆ. ಉಳಿದಿರುವವರು ಹಿರಿಯರು, ನಿವೃತ್ತರು, ಮನೆಯ ಖರ್ಚು ತೀರ್ಮಾನ ಮಾಡುವವರು. ಹುಡುಗರ ಬೈಕ್ ಆಕ್ಸೆಸರಿಗೆ ಪಾಂಪ್ಲೆಟ್ ವ್ಯರ್ಥ, ಮೊಣಕಾಲು ನೋವಿನ ಫಿಸಿಯೋಥೆರಪಿಗೆ ಒಳ್ಳೆಯದು.

ಭಾನುವಾರ ಎಲ್ಲರೂ ಹಾಕುತ್ತಾರೆ, ಪೇಪರ್ ಬಿಚ್ಚಿದರೆ ನಾಲ್ಕು ಪಾಂಪ್ಲೆಟ್ ಉದುರುತ್ತವೆ. ನಾನಾದರೆ ಬುಧವಾರ ಅಥವಾ ಗುರುವಾರ ಹಾಕಿಸುತ್ತೇನೆ. ತಿಂಗಳ ಮೊದಲ ವಾರ ಸಂಬಳದವರ ಬಡಾವಣೆಗೆ, ಅಡಿಕೆ ಮಾರಿದ ಮೇಲೆ ಹಳ್ಳಿ ಕಡೆಗೆ. ಬೆಳಗಿನ ಜಾವ ಏಜೆಂಟರು ಪೇಪರ್ ಜೋಡಿಸುವ ಕಡೆ ನೀವೇ ಹೋಗಿ ಕಟ್ಟು ಕೊಡಿ, ಹುಡುಗರ ಜೊತೆ ಒಂದು ಟೀ ಕುಡಿಯಿರಿ. ನಿಮ್ಮ ಮುಖ ಕಂಡರೆ ಕಟ್ಟು ಪೂರ್ತಿ ಹಂಚಿಕೆಯಾಗುತ್ತದೆ.

ಲೆಕ್ಕ ಸಿಗಬೇಕೆಂದರೆ ‘ಈ ಚೀಟಿ ತಂದರೆ ಒಂದು ಬನ್ ಉಚಿತ’ ಎಂದು ಕೆಳಗೆ ಕತ್ತರಿಸುವ ಗೆರೆ ಹಾಕಿ. ಬಡಾವಣೆ ಬಡಾವಣೆಗೆ ಹೋಗುವ ಕಟ್ಟಿನ ಅಂಚಿಗೆ ಬೇರೆ ಬೇರೆ ಬಣ್ಣದ ಸ್ಕೆಚ್ ಪೆನ್ನಿನಿಂದ ಗೀಟು ಎಳೆಯಿರಿ. ಕಟ್ಟು ಒತ್ತಿ ಹಿಡಿದು ಅಂಚಿನ ಮೇಲೆ ಎಳೆದರೆ ಸಾವಿರಕ್ಕೂ ಎರಡೇ ನಿಮಿಷದ ಕೆಲಸ. ವಾಪಸು ಬಂದ ಚೀಟಿಯ ಬಣ್ಣ ನೋಡಿದರೆ ಯಾವ ಬಡಾವಣೆ ಸ್ಪಂದಿಸಿತೆಂದು ಗೊತ್ತಾಗುತ್ತದೆ. ಮುಂದಿನ ಸಲ ಅಲ್ಲಿಗಷ್ಟೇ ಹಾಕಿಸಿ, ಅರ್ಧ ದುಡ್ಡು ಉಳಿಯುತ್ತದೆ.

ಅಚ್ಚಿಗೆ ಮೊದಲು ಪ್ರೂಫ್ (ಮಾದರಿ ಪ್ರತಿ) ನೋಡುವಾಗ ಫೋನ್ ನಂಬರನ್ನು ಓದಬೇಡಿ, ಡಯಲ್ ಮಾಡಿ. ನನ್ನ ಪ್ರೆಸ್ಸಿನಲ್ಲೇ ಒಮ್ಮೆ ಒಂದು ಅಂಕಿ ತಪ್ಪಾಗಿ ಎರಡು ಸಾವಿರ ಪಾಂಪ್ಲೆಟ್ ಹೊರಬಿದ್ದಿತ್ತು. ಗಿರಾಕಿಯೂ ಓದಿ ಸಹಿ ಹಾಕಿದ್ದರು, ನಾನೂ ಓದಿದ್ದೆ. ನನ್ನ ಖರ್ಚಿನಲ್ಲಿ ಮತ್ತೆ ಹೊಡೆದುಕೊಟ್ಟೆ, ಆದರೆ ಅವರ ಉದ್ಘಾಟನೆಯ ದಿನವನ್ನು ವಾಪಸು ಕೊಡಲು ನನ್ನಿಂದಾಗಲಿಲ್ಲ. ಅದು ಇವತ್ತಿಗೂ ಚುಚ್ಚುತ್ತದೆ. ಅಂದಿನಿಂದ ಗಿರಾಕಿಯ ಎದುರೇ ಪ್ರೂಫ್ ನೋಡಿ ಫೋನ್ ಮಾಡುತ್ತೇನೆ.

ಮೈಕ್ ಆಟೋ

ಒಂದು ದಿನಕ್ಕೆ ಆಟೋ, ಮೈಕು, ರೆಕಾರ್ಡಿಂಗ್ ಸೇರಿ ಒಂದೂವರೆ ಸಾವಿರದಿಂದ ಎರಡು ಸಾವಿರ. ಪೇಪರ್ ಹೋಗದ, ಗೂಗಲ್ ನೋಡದ ಹಳ್ಳಿಗಳಿಗೆ ಇದಕ್ಕಿಂತ ಸೋವಿ ದಾರಿ ಇಲ್ಲ. ಆದರೆ ಕೇಳುವವನಿಗೆ ಸಿಗುವುದು ಹದಿನೈದು ಸೆಕೆಂಡು. ಅಷ್ಟರಲ್ಲಿ ಏನು, ಎಲ್ಲಿ, ಯಾವತ್ತಿನವರೆಗೆ ಎಂಬ ಮೂರು ಮಾತು ಮುಗಿಯಬೇಕು. ಓಡುವ ಆಟೋದಿಂದ ಫೋನ್ ನಂಬರ್ ಹೇಳಿಸಿ ಪ್ರಯೋಜನವಿಲ್ಲ, ಯಾರಿಗೂ ನೆನಪಿರುವುದಿಲ್ಲ. ‘ಸಾಗರ ಬಸ್ ಸ್ಟ್ಯಾಂಡ್ ಎದುರು’ ಎಂದರೆ ನೆನಪಿರುತ್ತದೆ. ಪಂಪ್‌ಸೆಟ್ ರಿಪೇರಿಯ ಹುಡುಗ ತೋಟಕ್ಕೆ ನೀರು ಹಾಯಿಸುವ ಬೇಸಿಗೆ ಶುರುವಿನಲ್ಲಿ ಒಂದು ದಿನ ಹಳ್ಳಿ ಸುತ್ತಿಸಿದರೆ ಬೆಲೆ ಬರುತ್ತದೆ. ಮಳೆಗಾಲದಲ್ಲಿ ಬೇಡ.

ಶಬ್ದಮಾಲಿನ್ಯ ನಿಯಮಗಳು 2000ದ ಪ್ರಕಾರ ಧ್ವನಿವರ್ಧಕಕ್ಕೆ ಲಿಖಿತ ಅನುಮತಿ ಬೇಕು. ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ನಿಷಿದ್ಧ. ಆಸ್ಪತ್ರೆ, ಶಾಲೆ, ಕೋರ್ಟಿನ ಸುತ್ತ 100 ಮೀಟರ್ ನಿಶ್ಶಬ್ದ ವಲಯ. ಆಟೋದವರು “ನಾವು ನೋಡ್ಕೋತೀವಿ” ಎಂದರೂ ಅನುಮತಿ ಪತ್ರದ ಒಂದು ಪ್ರತಿ ನಿಮ್ಮ ಕೈಯಲ್ಲಿರಲಿ.

ಫ್ಲೆಕ್ಸ್ ಬೇಡ ಎನ್ನುವುದಕ್ಕೆ ಕಾರಣ

ಚದರಡಿ ಲೆಕ್ಕದಲ್ಲಿ ನೋಡಿದರೆ ಫ್ಲೆಕ್ಸ್ ಅಗ್ಗ, ಅದಕ್ಕೇ ಎಲ್ಲರೂ ಮೊದಲು ಅದನ್ನೇ ಕೇಳುತ್ತಾರೆ. 2016ರ ಮಾರ್ಚಿನಲ್ಲಿ ರಾಜ್ಯ ಸರ್ಕಾರ ಪ್ಲಾಸ್ಟಿಕ್ ನಿಷೇಧಿಸಿದಾಗ ಫ್ಲೆಕ್ಸ್, ಬ್ಯಾನರ್, ಬಂಟಿಂಗ್‌ಗಳೂ ಆ ಪಟ್ಟಿಯಲ್ಲಿದ್ದವು. 2018ರಲ್ಲಿ ಹೈಕೋರ್ಟು ಚಾಟಿ ಬೀಸಿದ ಮೇಲೆ ಬೆಂಗಳೂರಿನಲ್ಲಿ ರಾಶಿ ರಾಶಿ ತೆಗೆಸಿದರು. ಅದಕ್ಕೂ ಹಿಂದೆ, ಸಾರ್ವಜನಿಕರಿಗೆ ಕಾಣುವ ಜಾಗದಲ್ಲಿ ಸ್ಥಳೀಯ ಸಂಸ್ಥೆಯ ಲಿಖಿತ ಅನುಮತಿಯಿಲ್ಲದೆ ಜಾಹೀರಾತು ಹಾಕುವುದನ್ನು 1981ರ ಕರ್ನಾಟಕ ತೆರೆದ ಸ್ಥಳಗಳ ವಿರೂಪ ತಡೆ ಕಾಯ್ದೆಯೇ ಅಪರಾಧವೆನ್ನುತ್ತದೆ. ಆರು ತಿಂಗಳವರೆಗೆ ಜೈಲು, ಸಾವಿರ ರೂಪಾಯಿವರೆಗೆ ದಂಡ, ಅಥವಾ ಎರಡೂ. ನಮ್ಮ ಮಳೆಗೆ ಫ್ಲೆಕ್ಸ್ ಹರಿದು ಚರಂಡಿ ಕಟ್ಟುವುದನ್ನು ಪ್ರತಿ ಆಷಾಢದಲ್ಲಿ ನೋಡುತ್ತೇವೆ.

ಅದರ ಬದಲು ಗೋಡೆ ಬರಹ ಯೋಚಿಸಿ. ಗೋಡೆಯ ಯಜಮಾನರಿಂದ ಒಪ್ಪಿಗೆ ಬರೆಸಿಕೊಂಡು, ಪಂಚಾಯಿತಿ ಅಥವಾ ಪುರಸಭೆಯ ಅನುಮತಿ ಪಡೆದು ಬಣ್ಣದಲ್ಲಿ ಬರೆಸಿದರೆ ಮೂರು ಮಳೆಗಾಲ ಬರುತ್ತದೆ. ಸಾಗರಕ್ಕೆ ಬರುವ ರಸ್ತೆಯಲ್ಲಿ ಎಡಗಡೆಯ ಗೋಡೆಯನ್ನೇ ಹಿಡಿಯಿರಿ, ಊರಿಗೆ ಬರುವವನಿಗೆ ಕಾಣಬೇಕು, ಹೋಗುವವನಿಗಲ್ಲ.

ದುಡ್ಡು ಕೊಟ್ಟು ಫೋನಿನಲ್ಲಿ ತೋರಿಸುವುದು

ಫೇಸ್‌ಬುಕ್, ಇನ್‌ಸ್ಟಾಗ್ರಾಮಿನಲ್ಲಿ ದಿನಕ್ಕೆ ನೂರಿನ್ನೂರು ರೂಪಾಯಿಗೂ ಜಾಹೀರಾತು ನಡೆಸಬಹುದು. ಇದರ ಮೇಲೆ ಶೇ. 18 ಜಿಎಸ್‌ಟಿ ಸೇರುತ್ತದೆ ಎನ್ನುವುದು ಲೆಕ್ಕದಲ್ಲಿರಲಿ. ದೊಡ್ಡ ಗುಣವೆಂದರೆ ಯಾವ ಊರಿನ, ಯಾವ ವಯಸ್ಸಿನವರಿಗೆ ತೋರಿಸಬೇಕು ಎಂದು ಆರಿಸಬಹುದು. ಉಪ್ಪಿನಕಾಯಿ ಅಕ್ಕನಿಗೆ ದೂರದ ಗಿರಾಕಿಯನ್ನು ಮುಟ್ಟಲು ಬೇರೆ ಅಗ್ಗದ ದಾರಿ ನನಗೆ ಕಾಣಲಿಲ್ಲ. ಬೆಂಗಳೂರಿನ ಕನ್ನಡಿಗರಿಗೆ ಕಾಣುವಂತೆ ಇಟ್ಟು, ಒತ್ತಿದರೆ ನೇರ ವಾಟ್ಸಾಪಿಗೆ ಬರುವಂತೆ ಮಾಡಬಹುದು. ಅಲ್ಲಿ ಮಾತು ಅವರದೇ ಭಾಷೆಯಲ್ಲಿ ನಡೆಯುತ್ತದೆ.

ಆದರೆ ಮೊದಲು ದುಡ್ಡಿಲ್ಲದೆ ಒಂದು ತಿಂಗಳು ರೀಲ್ಸ್ ಹಾಕಿ ನೋಡಿ ಎಂದೆ. ಮಿಡಿ ಉಪ್ಪಿಗೆ ಹಾಕುವುದು, ದಿನ ಕಳೆದಂತೆ ಅದು ಸುಕ್ಕುವುದು, ಸಾಸಿವೆ ಖಾರ ಅರೆಯುವುದು. ಮಾಡುವ ಕೈಯನ್ನೇ ತೋರಿಸಬೇಕು. ಯಾವ ವಿಡಿಯೊಗೆ “ಬೆಲೆ ಎಷ್ಟು, ಕಳಿಸ್ತೀರಾ?” ಎಂಬ ಪ್ರಶ್ನೆ ಜಾಸ್ತಿ ಬರುತ್ತದೋ ಅದಕ್ಕಷ್ಟೇ ದುಡ್ಡು ಹಾಕಬೇಕು. ಲೈಕುಗಳನ್ನು ಎಣಿಸಬೇಡಿ, ಬೆಲೆ ಕೇಳಿದವರನ್ನು ಎಣಿಸಿ. ಬೇಕರಿಯವರಿಗೆ ಈ ದಾರಿ ಸದ್ಯಕ್ಕೆ ಬೇಡವೆಂದೆ. ಎರಡು ಕಿಲೋಮೀಟರಿನ ಗಿರಾಕಿಗೆ ಬಾಗಿಲಿನಿಂದ ಬರುವ ವಾಸನೆಯೇ ಸಾಕು.

ತಿನ್ನುವ ಸಾಮಾನು ಮಾರುವವರು ಬಾಟಲಿಯ ಮೇಲೆ ಆಹಾರ ಸುರಕ್ಷತೆ ನೋಡಿಕೊಳ್ಳುವ ಕೇಂದ್ರದ ಸಂಸ್ಥೆ ಎಫ್‌ಎಸ್‌ಎಸ್‌ಎಐನ 14 ಅಂಕಿಯ ಪರವಾನಗಿ ಅಥವಾ ನೋಂದಣಿ ಸಂಖ್ಯೆ ಹಾಕಲೇಬೇಕು. ದೂರದವರು ನಂಬುವುದೂ ಅದನ್ನು ನೋಡಿಯೇ. ಇನ್ನೊಂದು ಮಾತು ಕಷಾಯದ ಪುಡಿ ಮಾರುವವರಿಗೆ. ‘ಸಕ್ಕರೆ ಕಾಯಿಲೆ ಗುಣವಾಗುತ್ತದೆ’ ಎಂದು ನನ್ನಲ್ಲಿ ಬರೆಸಲು ಬಂದವರನ್ನು ವಾಪಸು ಕಳಿಸಿದ್ದೇನೆ. 1954ರ ಔಷಧ ಮತ್ತು ಮಾಂತ್ರಿಕ ಪರಿಹಾರಗಳ ಕಾಯ್ದೆ ಅದನ್ನು ನಿಷೇಧಿಸಿದೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ದಾರಿ ತಪ್ಪಿಸುವ ಜಾಹೀರಾತಿಗೆ ಹತ್ತು ಲಕ್ಷದವರೆಗೆ ದಂಡ ಹಾಕಬಹುದು. ದಂಡದ ಮಾತು ಬಿಡಿ, ಅದನ್ನು ನಂಬಿ ಯಾರೋ ಮಾತ್ರೆ ನಿಲ್ಲಿಸಿದರೆ ಏನು ಗತಿ?

ಜಾತ್ರೆ, ಕ್ಯಾಲೆಂಡರು, ರೇಡಿಯೊ

ನಮ್ಮ ಮಾರಿಕಾಂಬಾ ಜಾತ್ರೆ ಮೂರು ವರ್ಷಕ್ಕೊಮ್ಮೆ, ಶಿರಸಿಯದು ಎರಡು ವರ್ಷಕ್ಕೊಮ್ಮೆ. ಧಾರವಾಡದಲ್ಲೂ ಬೆಂಗಳೂರಿನ ಜಿಕೆವಿಕೆಯಲ್ಲೂ (ಕೃಷಿ ವಿಶ್ವವಿದ್ಯಾಲಯದ ಆವರಣ) ಕೃಷಿ ಮೇಳ ನಡೆಯುತ್ತದೆ. ಮಳಿಗೆ ಬಾಡಿಗೆ, ಊಟ, ಸಾಗಣೆ ಸೇರಿ ಖರ್ಚು ಬೀಳುತ್ತದೆ, ಅಲ್ಲಿಯ ಮಾರಾಟದಿಂದಲೇ ಅದು ಹುಟ್ಟಬೇಕೆಂದು ಲೆಕ್ಕ ಹಾಕಿದರೆ ಬೇಸರವಾಗುತ್ತದೆ. ಉಪ್ಪಿನಕಾಯಿಯಂಥ ರುಚಿ ನೋಡಿ ಕೊಳ್ಳುವ ಸಾಮಾನಿಗೆ ಮಾತ್ರ ನಾನು ಹೌದು ಎನ್ನುತ್ತೇನೆ. ಮೂವರು ನಾಲ್ವರು ಸೇರಿ ಒಂದು ಮಳಿಗೆ ಹಿಡಿದರೆ ಹಗುರ. ರುಚಿ ನೋಡಿದವರಿಗೆಲ್ಲ ನಂಬರಿನ ಚೀಟಿ ಕೊಟ್ಟು ಕಳಿಸಬೇಕು.

ಕ್ಯಾಲೆಂಡರು ಹನ್ನೆರಡು ತಿಂಗಳು ಅಡುಗೆಮನೆಯ ಗೋಡೆಯಲ್ಲಿ ನೇತಾಡುತ್ತದೆ. ಆದರೆ ದಿನಸಿ, ಗ್ಯಾಸ್, ಔಷಧಿ ಅಂಗಡಿಯವರು ಮೊದಲೇ ಕೊಟ್ಟಿರುತ್ತಾರೆ, ಒಂದು ಮನೆಗೆ ಗೋಡೆ ಎಷ್ಟು? ಪಂಚಾಂಗದ ತಿಥಿ ನಕ್ಷತ್ರ, ಹಾಲಿನ ಲೆಕ್ಕ ಬರೆಯಲು ಜಾಗ ಇದ್ದರೆ ನಿಮ್ಮದು ಉಳಿಯುತ್ತದೆ. ಶಿವಕಾಶಿಯ ಕ್ಯಾಲೆಂಡರ್ ಬೇಕಾದರೆ ದಸರೆಗೆ ಮೊದಲೇ ಆರ್ಡರ್ ಕೊಡಿ. ಹಳೆಯ ಗಿರಾಕಿಗಳು ಇನ್ನೂರು ಜನ ಇಲ್ಲದವರು ಇದಕ್ಕೆ ಕೈ ಹಾಕಬೇಡಿ.

ಮಲೆನಾಡಿನ ತೋಟ ಗದ್ದೆಗಳಲ್ಲಿ ಆಕಾಶವಾಣಿ ಭದ್ರಾವತಿ ಇವತ್ತಿಗೂ ಕೇಳುತ್ತದೆ, ಮಂಗಳೂರು ಮೈಸೂರು ಕಡೆ ಖಾಸಗಿ ಎಫ್‌ಎಂಗಳಿವೆ. ಒಂದು ಸಲ ಕೇಳಿಸಿದರೆ ಯಾರಿಗೂ ನೆನಪಿರುವುದಿಲ್ಲ, ಹತ್ತಾರು ಸಲ ಕೇಳಿಸಲು ಮೂರು ಸಾವಿರ ಸಾಲದು. ತಾಲ್ಲೂಕಿನ ಹಲವೂರುಗಳಲ್ಲಿ ಶಾಖೆ ತೆರೆದ ಮೇಲೆ ಯೋಚಿಸಿ.

ಯಾರಿಗೆ ಏನು ಹೇಳಿದೆ

ರಿಪೇರಿಯ ಹುಡುಗನಿಗೆ: ಬೋರ್ಡು ತಿದ್ದಿಸಲು ಸಾವಿರ, ಗೂಗಲ್ ಪ್ರೊಫೈಲಿಗೆ ಒಂದು ಭಾನುವಾರದ ಪುರಸೊತ್ತು, ಬೇಸಿಗೆ ಶುರುವಿಗೆ ಒಂದು ದಿನ ಮೈಕ್ ಆಟೋ. ರಿಪೇರಿ ಮಾಡಿದ ಪ್ರತಿ ಮಿಕ್ಸಿಯ ತಳಕ್ಕೆ ನಂಬರಿನ ಸ್ಟಿಕ್ಕರ್. ಮುಂದಿನ ಸಲ ಕೆಟ್ಟಾಗ ಹುಡುಕುವುದೇ ಬೇಡ.

ಟೈಲರಿಗೆ ದುಡ್ಡಿನ ಪ್ರಚಾರವೇ ಬೇಡವೆಂದೆ. ಅವರ ಕೈಯಲ್ಲಿ ಈಗಾಗಲೇ ಹೊಲಿಯಲಾಗದಷ್ಟು ಬಟ್ಟೆಯಿತ್ತು. ಮದುವೆ ಸೀಸನ್ನಿನಲ್ಲಿ ಹೇಳಿದ ದಿನಕ್ಕೆ ಕೊಡಲಾಗದೆ ಬೈಸಿಕೊಳ್ಳುತ್ತಿದ್ದರು. ಇನ್ನಷ್ಟು ಜನ ಬಂದರೆ ಇನ್ನಷ್ಟು ಬೈಗುಳ. ಆ ಮೂರು ಸಾವಿರವನ್ನು ಹುಕ್ಕು ಹಾಕಲು, ಹೆಮ್ಮಿಂಗ್ ಮಾಡಲು ಬರುವ ಹುಡುಗಿಯ ಮುಂಗಡಕ್ಕೆ ಕೊಡಿ, ಸ್ಟೇಟಸ್ ಹಾಕುವುದನ್ನು ಆಷಾಢದ ಖಾಲಿ ದಿನಗಳಿಗೆ ಇಟ್ಟುಕೊಳ್ಳಿ ಎಂದೆ.

ಬೇಕರಿಯವರಿಗೆ ಸಾವಿರ ಪಾಂಪ್ಲೆಟ್ ಹೊಡೆದುಕೊಟ್ಟೆ. ಎರಡು ಬಡಾವಣೆ, ಎರಡು ಬಣ್ಣದ ಗೀಟು, ಉಚಿತ ಬನ್ನಿನ ಚೀಟಿ. ಉಳಿದ ದುಡ್ಡನ್ನು ಮೊದಲ ಮೂರು ದಿನ ಬಾಗಿಲ ಮುಂದೆ ತಟ್ಟೆಯಲ್ಲಿ ಚೂರು ಕೇಕ್ ಇಡಲು ಹೇಳಿದೆ.

ಅಕ್ಕನಿಗೆ ಹೆಚ್ಚು ಹೊತ್ತು ಬೇಕಾಯಿತು. ಮಿಡಿ ಬರುವುದು ವರ್ಷಕ್ಕೊಂದೇ ಸಲ, ಹಾಕುವ ಭರಣಿ ಇಷ್ಟೇ ಎಂದು ಮೊದಲೇ ಗೊತ್ತು. ಹಾಗಾಗಿ ಸೀಸನ್ನಿಗೆ ಮೊದಲು ಹಳೆಯ ಗಿರಾಕಿಗಳ ವಾಟ್ಸಾಪ್ ಪಟ್ಟಿಗೆ “ಈ ವರ್ಷ ಎಷ್ಟು ಬಾಟಲಿ ಹಾಕಿಡಲಿ?” ಎಂದು ಕೇಳುವುದು. ಅವರು ಹೇಳಿದ್ದನ್ನು ಕಳೆದು ಎಷ್ಟು ಉಳಿಯುತ್ತದೋ ಅಷ್ಟಕ್ಕೆ ಮಾತ್ರ ಹೊಸ ಗಿರಾಕಿ ಹುಡುಕಲು ದುಡ್ಡು ಹಾಕುವುದು. ಅವರು ಚೀಲದಿಂದ ಹಳೆಯ ನೋಟ್‌ಬುಕ್ ತೆಗೆದು ಎಣಿಸಿದರು. ಅರವತ್ತೆರಡು ನಂಬರಿದ್ದವು. ಮೊದಲ ಮೆಸೇಜನ್ನು ನನ್ನ ಕೌಂಟರಿನಲ್ಲೇ ಕೂತು ಟೈಪ್ ಮಾಡಿ ಕಳಿಸಿದರು. ಅವರು ಎದ್ದು ಚಪ್ಪಲಿ ಮೆಟ್ಟುವಷ್ಟರಲ್ಲಿ ಎರಡು ಉತ್ತರ ಬಂದಿತ್ತು.